ಚಿತ್ರನಾಯಕನ ಮೈಕಟ್ಟು

ಸಿಂಧನೂರಿನಿಂದ ಮಸ್ಕಿಯ ಮೇಲೆ ಹಾಯ್ದು ಲಿಂಗಸುಗೂರಿಗೆ ಹೋಗುವ ಬಸ್ಸಿನಲ್ಲಿ ನಾವು ಮೇಲಿಂದ ಮೇಲೆ ಪ್ರಯಾಣ ಮಾಡುವವರು. ಈ ದಾರಿಯ ಇಕ್ಕೆಲಗಳಲ್ಲಿ ಹಿಂದೆ ಗೊಬ್ಬರದ ಅಂಗಡಿ, ಅಕ್ಕಿಯ ಗಿರಣಿಗಳ ಫಲಕಗಳೇ ಕಾಣುತ್ತಿದ್ದವು. ಈಚೆಗೆ ಅವುಗಳ ನಡುವೆ ಜಿಮ್ ಎಂದು ಕರೆಯುವ ವ್ಯಾಯಾಮಶಾಲೆಗಳ ಫಲಕಗಳು ಎದ್ದು ನಿಂತಿವೆ. ಅವುಗಳ ಮೇಲೆ ಯಾವನೋ ಒಬ್ಬ ಚಿತ್ರನಾಯಕ ಅಂಗಿಯಿಲ್ಲದೆ ನಿಂತಿರುತ್ತಾನೆ. ಆತನ ಹೊಟ್ಟೆಯ ಮೇಲೆ ಎರಡು ಸಾಲಿನಲ್ಲಿ ಮೂರು ಮೂರರಂತೆ ಆರು ಗಂಟುಗಳು. ಬಸ್ಸಿನಲ್ಲಿರುವ ನಮ್ಮ ವಿದ್ಯಾರ್ಥಿಗಳು ಆ ಫಲಕಗಳನ್ನು ಪಠ್ಯಪುಸ್ತಕಕ್ಕಿಂತ ಹೆಚ್ಚು ಗಮನವಿಟ್ಟು ಓದುತ್ತಾರೆ. ಅದಕ್ಕಾಗಿ ನಾವು ಅವರನ್ನು ಆಕ್ಷೇಪಿಸುವಂತಿಲ್ಲ. 2007ರ ಕೊನೆಯಲ್ಲಿ ‘ಓಂ ಶಾಂತಿ ಓಂ’ ಹಿಂದೀ ಚಿತ್ರ ಬಿಡುಗಡೆಯಾಗಿ, ನಲವತ್ತು ದಾಟಿದ ಶಾರುಖ್ ಖಾನ್ ಆರು ಗಂಟಿನ ಹೊಟ್ಟೆಯೊಡನೆ ಕುಣಿದಾಗ, ವಸತಿಗೃಹದಲ್ಲಿ ವಾಸವಾಗಿದ್ದ ನಾವೂ ನಮ್ಮ ಗೆಳೆಯರೂ ಡಾಲ್ಡಾ ಡಬ್ಬಿಗಳಲ್ಲಿ ಸಿಮೆಂಟು ತುಂಬಿ, ನಡುವೆ ಕಬ್ಬಿಣದ ಸರಳನ್ನು ನೆಟ್ಟು, ಮೂರು ತಿಂಗಳು ಎತ್ತಿ ಇಳಿಸಿದ್ದೆವು. ಫಲವಾಗಿ ಒಬ್ಬನ ಕಾಲ್ಬೆರಳು ಜಜ್ಜಿತು. ಹೊಟ್ಟೆಗಳು ಇದ್ದಂತೆಯೇ ಉಳಿದವು.

ಈ ಲೇಖನಕ್ಕೆ ಪ್ರೇರಣೆಯಾದ ಸಂಗತಿ ಮಾತ್ರ ನಗೆಯದಲ್ಲ. ಎರಡು ಬೇಸಗೆಗಳ ಹಿಂದೆ, ಸ್ನೇಹಸಮ್ಮೇಳನದ ಹಿಂದಿನ ದಿನ, ನಮ್ಮ ಪ್ರಯೋಗಶಾಲೆಯಲ್ಲಿ ಲೋಲಕದ ಆಂದೋಲನಗಳನ್ನು ಎಣಿಸುತ್ತಿದ್ದ ಹುಡುಗನೊಬ್ಬ ಮೂವತ್ತನೆಯ ಎಣಿಕೆಗೆ ಕುಸಿದು ಬಿದ್ದನು. ಹೊರಗೆ ನಲವತ್ತು ಡಿಗ್ರಿಯ ಬಿಸಿಲು. ಆಸ್ಪತ್ರೆಯಲ್ಲಿ ಎರಡು ಬಾಟಲಿ ಸಲೈನ್ ಏರಿದ ಮೇಲೆ ಆತ ಬಾಯಿ ಬಿಟ್ಟನು. ಹಿಂದಿನ ಮುಂಜಾನೆಯಿಂದ ಒಂದು ಹನಿ ನೀರು ಕುಡಿದಿರಲಿಲ್ಲ. “ನೀರು ಬಿಟ್ರ ಮಾತ್ರ ಕಟ್ಸ್ ಕಾಣ್ತಾವ್ರಿ ಸರ್. ಹೀರೋಗಳು ಹಂಗ ಮಾಡ್ತಾರಂತ” ಎಂದನು. ಮರುದಿನ ವೇದಿಕೆಯ ಮೇಲೆ ಅಂಗಿ ತೆಗೆದು ಒಂದು ಚಿತ್ರ ತೆಗೆಸಿಕೊಳ್ಳುವುದಿತ್ತು. ಆತನ ತಂದೆ ಗಿರಣಿಯಲ್ಲಿ ಹಮಾಲರು. ಅವರ ವಿಷಯ ಮುಂದೆ ಬರುತ್ತದೆ.

ನಾಯಕನಾದವನ ಮೈ ಹೀಗೆಯೇ ಇರಬೇಕೆಂಬ ನಿಯಮ ಎಂದಿನಿಂದ ಬಂದಿತು? ಕನ್ನಡ ಚಿತ್ರಗಳ ಮೊದಲ ತಲೆಮಾರಿನ ನಾಯಕರು ಬಹುಮಟ್ಟಿಗೆ ನಾಟಕ ಕಂಪನಿಗಳಿಂದ ಬಂದವರು. ಅಲ್ಲಿ ನಟನ ಬಂಡವಾಳ ಕಂಠ. ಕೊನೆಯ ಸಾಲಿನ ನೆಲದ ಮೇಲೆ ಕುಳಿತವನಿಗೂ ಮಾತು ಮುಟ್ಟಬೇಕು. ಅದಕ್ಕೆ ಬೇಕಾದುದು ತುಂಬಿದ ಎದೆ, ಹಿಡಿತದಲ್ಲಿರುವ ಉಸಿರು. 1954ರಲ್ಲಿ ‘ಬೇಡರ ಕಣ್ಣಪ್ಪ’ ಚಿತ್ರದಲ್ಲಿ ನಾಯಕರಾಗಿ ಬಂದ ರಾಜಕುಮಾರ್ ಅವರು ಬೇಡನ ವೇಷದಲ್ಲಿ ಬರಿಮೈಯಲ್ಲಿಯೇ ಕಾಣಿಸಿಕೊಂಡರು. ಆದರೆ ನೋಡಿದವರು ಹೊಟ್ಟೆಯ ಗಂಟುಗಳನ್ನು ಎಣಿಸಲಿಲ್ಲ. 1960ರ ‘ರಣಧೀರ ಕಂಠೀರವ’ದ ಕಥಾನಾಯಕನಾದ ಕಂಠೀರವ ನರಸರಾಜನು ವೇಷ ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋಗಿ ಅಲ್ಲಿಯ ಜಟ್ಟಿಯನ್ನು ಸೋಲಿಸಿದನೆಂದು ಪ್ರತೀತಿ. ಅಂಥ ಮಲ್ಲರಾಜನ ಪಾತ್ರಕ್ಕೂ ಪ್ರೇಕ್ಷಕರು ಬಯಸಿದ್ದು ಗರಡಿಯ ಮೈಯನ್ನು. ಅಗಲವಾದ ಹೆಗಲು, ದಪ್ಪ ತೊಡೆ, ಗಟ್ಟಿ ನಡು. ಬೈಠಕ್ಕು, ದಂಡ, ಲೋಡುಗಳಿಂದ ಬೆಳೆದ, ಹಾಲು ಬಾದಾಮಿ ಉಂಡ ಆ ಮೈ ತುಂಬಿಕೊಂಡಿರುತ್ತದೆಯೇ ಹೊರತು ಸೀಳಿಕೊಂಡಿರುವುದಿಲ್ಲ.

ನಮ್ಮ ನಾಡಿನ ಬಹು ದೊಡ್ಡ ಪುರುಷದೇಹವೊಂದು ಶ್ರವಣಬೆಳಗೊಳದ ಬೆಟ್ಟದ ಮೇಲಿದೆ. 58 ಅಡಿಯ ಆ ಗೊಮ್ಮಟನ ಹೆಗಲು ಎಷ್ಟು ವಿಶಾಲ! ಹೊಟ್ಟೆಯಾದರೋ ನುಣುಪು. ಶಿಲ್ಪಿಗೆ ಗಂಟುಗಳನ್ನು ಕಡೆಯಲು ಬಾರದೆ ಇರಲಿಲ್ಲ. ಕಾಲುಗಳಿಗೆ ಹಬ್ಬಿದ ಬಳ್ಳಿಯ ಎಲೆಗಳನ್ನು ನೋಡಿದವರು ಹಾಗೆನ್ನಲಾರರು. ಒಳಗೆ ಉಸಿರು ತುಂಬಿ ನಿಂತ ಮೈಯೇ ಪೂರ್ಣವಾದ ಮೈಯೆಂಬ ಕಲ್ಪನೆ ಇಲ್ಲಿಯದು. ಗ್ರೀಕರ ಹರ್ಕ್ಯುಲಿಸನ ಕಲ್ಪನೆ ಬೇರೆ.

ಆ ಗ್ರೀಕ್ ಕಲ್ಪನೆಯೂ ಕನ್ನಡ ನಾಡಿಗೆ ಬಂದುದು ಚಿತ್ರಮಂದಿರದ ಮೂಲಕವಲ್ಲ. ಎಡಿಸನ್ನನ ಸಂಸ್ಥೆ 1894ರಲ್ಲಿ ತೆಗೆದ ಅತಿ ಹಳೆಯ ಚಲನಚಿತ್ರಗಳಲ್ಲೊಂದು, ಯೂಜೆನ್ ಸ್ಯಾಂಡೋ ಎಂಬ ಬಲಶಾಲಿ ತನ್ನ ಸ್ನಾಯುಗಳನ್ನು ಉಬ್ಬಿಸಿ ತೋರಿಸುವ ದೃಶ್ಯ. ಕ್ಯಾಮೆರಾ ಹುಟ್ಟಿದೊಡನೆ ಗಂಡಸಿನ ಮೈಯ ಕಡೆಗೆ ತಿರುಗಿತೆನ್ನಬೇಕು. ಸ್ಯಾಂಡೋ 1905ರಲ್ಲಿ ಭಾರತದಲ್ಲಿಯೂ ಪ್ರದರ್ಶನಗಳನ್ನು ಕೊಟ್ಟನು. ಮುಂದೆ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ನಡೆಸಿದ ಪ್ರೊಫೆಸರ್ ಕೆ. ವಿ. ಅಯ್ಯರ್ ಅವರು 1930ರಲ್ಲಿ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಪುಸ್ತಕವನ್ನು ಪ್ರಕಟಿಸಿದರು. ಶಿಲ್ಪದ ಭಂಗಿಗಳಲ್ಲಿ ತೆಗೆದ ಅವರ ಛಾಯಾಚಿತ್ರಗಳು ವಿದೇಶದ ಪತ್ರಿಕೆಗಳಲ್ಲಿಯೂ ಅಚ್ಚಾದವು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಬರೆದವರು ಇವರೇ ಎಂಬುದನ್ನು ಕೇಳಿ ನಮ್ಮ ವಿದ್ಯಾರ್ಥಿಗಳು ಆಶ್ಚರ್ಯಪಡುತ್ತಾರೆ. ಅಯ್ಯರ್ ಅವರು ಕಬ್ಬಿಣದ ಗುಂಡುಗಳೊಡನೆ ಆಸನಗಳನ್ನೂ ಸೂರ್ಯನಮಸ್ಕಾರವನ್ನೂ ಕಲಿಸಿದವರು. ಇಷ್ಟಿದ್ದರೂ ಆ ಕಾಲದ ಚಿತ್ರನಾಯಕನಿಗೆ ಆ ಮೈ ಬೇಕಾಗಲಿಲ್ಲ. ಉಬ್ಬಿದ ಸ್ನಾಯುಗಳು ಖಳನ ಬಂಟನಿಗೆ. ಅವನನ್ನು ಸಾಮಾನ್ಯ ಮೈಯ ನಾಯಕ ಸೋಲಿಸುವುದರಲ್ಲಿಯೇ ಕಥೆಯ ರುಚಿ.

ರಾಜಕುಮಾರ್ ಅವರು ಮೈಯನ್ನು ಕಡೆಗಣಿಸಿದವರಲ್ಲ. ಐವತ್ತು ದಾಟಿದ ಮೇಲೆ, 1983ರ ‘ಕಾಮನಬಿಲ್ಲು’ ಚಿತ್ರದಲ್ಲಿ, ಅವರು ತೆರೆಯ ಮೇಲೆಯೇ ಕಠಿಣವಾದ ಯೋಗಾಸನಗಳನ್ನು ಮಾಡಿ ತೋರಿಸಿದರು. ಅಲ್ಲಿ ನೋಡುವವನಿಗೆ ಕಾಣುವುದು ಮೈ ಏನು ಮಾಡಬಲ್ಲದು ಎಂಬುದು. ಅದೇ ವರ್ಷ ‘ಭಕ್ತ ಪ್ರಹ್ಲಾದ’ದಲ್ಲಿ ಅವರು ಹಿರಣ್ಯಕಶಿಪುವಾದರು, ಮಗ ಪುನೀತ್ ಪ್ರಹ್ಲಾದನಾದನು. ಮೂರು ಲೋಕ ಗೆದ್ದ ದೈತ್ಯನ ಬಲವನ್ನು ತೋರಿಸಿದ್ದು ನಡಿಗೆ, ಕಣ್ಣು ಮತ್ತು ಕಂಠ. ವಿಷ್ಣುವರ್ಧನ್, ಶಂಕರನಾಗ್, ಅನಂತನಾಗ್ ತೆಳುಮೈಯಿಂದಲೇ ಗೆದ್ದವರು. ಅಂಬರೀಶರ ಭಾರಿ ಮೈಯನ್ನು ಜನ ಹಾಗೆಯೇ ಒಪ್ಪಿಕೊಂಡರು. 2006ರ ಕೊನೆಯಲ್ಲಿ ಬಂದ ‘ಮುಂಗಾರು ಮಳೆ’ಯಲ್ಲಿ ಗಣೇಶ್ ಮಳೆಯಲ್ಲಿ ನೆನೆಯುತ್ತ ಮಾತಾಡುವ ಪಕ್ಕದ ಮನೆಯ ಹುಡುಗ. ಅದರ ಬೆನ್ನಿಗೇ ಬಂದ ‘ದುನಿಯಾ’ದಲ್ಲಿ ವಿಜಯ್ ಕಲ್ಲುಕ್ವಾರಿಯ ಕೂಲಿ. ಎರಡೂ ಮೈಗಳನ್ನು ನಮ್ಮ ಜನ ಒಂದೇ ಋತುವಿನಲ್ಲಿ ಮೆಚ್ಚಿದರು. ಆಮೇಲಿನ ಹತ್ತು ಹನ್ನೆರಡು ವರ್ಷಗಳಲ್ಲಿಯೇ ತಕ್ಕಡಿ ಒಂದು ಕಡೆಗೆ ವಾಲಿದ್ದು. 2008ರಲ್ಲಿ ಹಿಂದಿಯ ‘ಘಜಿನಿ’, ತಮಿಳಿನ ‘ವಾರಣಂ ಆಯಿರಂ’. 2019ರಲ್ಲಿ ಸುದೀಪ್ ಅವರ ‘ಪೈಲ್ವಾನ್’. 2021ರ ‘ಪೊಗರು’ ಚಿತ್ರದಲ್ಲಿಯಂತೂ ನಾಯಕನ ಎದುರಿಗೆ ನಿಲ್ಲಲು ಕಾಯ್ ಗ್ರೀನ್ ಮೊದಲಾದ ವಿದೇಶೀ ದೇಹದಾರ್ಢ್ಯಪಟುಗಳನ್ನೇ ಕರೆತಂದರು.

ಬದಲಾವಣೆಗೆ ಕಾರಣ ಜನರ ರುಚಿಯೊಂದೇ ಎಂದು ನಮಗೆ ತೋರುವುದಿಲ್ಲ. ಲೆಕ್ಕ ಹಾಕಿ ನೋಡೋಣ. ಒಂದು ಕಿಲೋಗ್ರಾಂ ಮೈಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲರಿ ಶಕ್ತಿ ಅಡಗಿದೆ. ಹತ್ತು ಕಿಲೋ ಕರಗಬೇಕಾದರೆ 77,000. ದಿನಕ್ಕೆ 500 ಕಿಲೋಕ್ಯಾಲರಿ ಕಡಮೆ ತಿಂದರೆ 154 ದಿನಗಳು, ಎಂದರೆ ಐದು ತಿಂಗಳು ಬೇಕು. 1960ರ ದಶಕದಲ್ಲಿ ವರ್ಷಕ್ಕೆ ಹತ್ತಕ್ಕಿಂತ ಹೆಚ್ಚು ಚಿತ್ರಗಳಲ್ಲಿ ನಟಿಸುತ್ತಿದ್ದ ನಾಯಕನಿಗೆ ಈ ಬಿಡುವೆಲ್ಲಿ? ಈಗಿನ ದೊಡ್ಡ ನಾಯಕ ಎರಡು ಮೂರು ವರ್ಷಕ್ಕೊಂದು ಚಿತ್ರ ಮಾಡುತ್ತಾನೆ, ‘ಕೆ.ಜಿ.ಎಫ್.’ನ ಮೊದಲ ಭಾಗ 2018ರಲ್ಲಿ, ಎರಡನೆಯದು 2022ರಲ್ಲಿ ಬಂದಿತು. ಮೈಯನ್ನು ಕಡೆಯಲು ಕಾಲವಿದೆ, ಅಡಿಗೆಯವನಿದ್ದಾನೆ, ತರಬೇತಿಯವನಿದ್ದಾನೆ, ವೈದ್ಯನಿದ್ದಾನೆ. ನಮ್ಮ ಹುಡುಗನಿಗೆ ಇದೇ ಕೆಲಸ ಒಂದು ತಿಂಗಳಲ್ಲಿ ಆಗಬೇಕು! 77,000ವನ್ನು ಮೂವತ್ತರಿಂದ ಭಾಗಿಸಿದರೆ ದಿನಕ್ಕೆ 2,500ಕ್ಕಿಂತ ಹೆಚ್ಚು. ಅದು ಆತ ದಿನವೆಲ್ಲ ತಿನ್ನುವ ರೊಟ್ಟಿ, ಪಲ್ಯ, ಅನ್ನಗಳ ಒಟ್ಟು ಶಕ್ತಿಗೇ ಸಮ. ಇಲ್ಲಿ ಲೆಕ್ಕ ಕೂಡದೆ ಹೋದಾಗಲೇ ನೀರು ಬಿಡುವ ಉಪಾಯವೂ, ಪುಡಿಯ ಡಬ್ಬಿಯೂ, ಕೊನೆಗೆ ಸೂಜಿಯೂ ಬರುವುದು.

ಈ ಗಂಟುಗಳು ಯಾರಿಗೂ ಹೊಸದಾಗಿ ಹುಟ್ಟುವುದಿಲ್ಲ. ಹೊಟ್ಟೆಯ ಮುಂಭಾಗದಲ್ಲಿ ಎದೆಗೂಡಿನಿಂದ ಕೆಳಗಿಳಿಯುವ ನೇರಸ್ನಾಯುವನ್ನು ಅಡ್ಡಲಾಗಿ ಕೆಲವು ನಾರಿನ ಪಟ್ಟಿಗಳು ಭಾಗ ಮಾಡಿವೆ. ಪಟ್ಟಿಗಳು ಎಷ್ಟು, ಎಲ್ಲಿ ಎಂಬುದು ಹುಟ್ಟಿನಿಂದ ಬಂದುದು, ಬಸ್ಕಿಯಿಂದ ಬದಲಾಗದು. ನಮ್ಮ ಸೀಮೆಯ ವಾಚಕರಿಗೆ ಉಪಮಾನ ಹತ್ತಿರದಲ್ಲಿಯೇ ಇದೆ. ಎಡದಂಡೆ ಕಾಲುವೆಯ ನೀರು ಹೆಚ್ಚಾಗಿ ಬಿಟ್ಟ ದಿನ ಭತ್ತದ ಗದ್ದೆಯ ಬದುಗಳು ಮುಳುಗಿ ಎಲ್ಲವೂ ಒಂದೇ ಬಯಲಾಗಿ ಕಾಣುತ್ತದೆ. ನೀರು ಇಳಿದಂತೆ ಬದುಗಳು ಏಳುತ್ತವೆ. ಚರ್ಮದ ಕೆಳಗಿನ ಕೊಬ್ಬು ಆ ನೀರಿದ್ದಂತೆ. ಆರೋಗ್ಯವಂತ ತರುಣನಲ್ಲಿ ತೂಕದ ಶೇಕಡಾ 15ರಿಂದ 20ರಷ್ಟು ಕೊಬ್ಬಿರುವುದು ಸಾಮಾನ್ಯ; ಬದುಗಳು ಸ್ಪಷ್ಟವಾಗಿ ಕಾಣುವುದು ಶೇಕಡಾ 10ರ ಸುಮಾರಿಗೆ ಇಳಿದಾಗ. ಇನ್ನೂ ಇಳಿದರೆ ಮೈ ತನ್ನ ಖರ್ಚನ್ನು ಕಡಿತಗೊಳಿಸತೊಡಗುತ್ತದೆ. 1944-45ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಸ್ವಯಂಸೇವಕರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು ಪರೀಕ್ಷಿಸಿದನು. ಅವರಿಗೆ ಸದಾ ಚಳಿ, ಸಿಡುಕು. ಹಗಲೂ ರಾತ್ರಿಯೂ ಊಟದ್ದೇ ಚಿಂತೆ. ತೆರೆಯ ಮೇಲೆ ಅತ್ಯಂತ ಬಲಶಾಲಿಯಾಗಿ ಕಾಣುವ ದಿನ ನಟನು ಅತ್ಯಂತ ಸೊರಗಿದ ದಿನವಾಗಿರುವುದು ಹೀಗೆ.

ಉಳಿದ ಕೆಲಸವನ್ನು ಬೆಳಕು ಮಾಡುತ್ತದೆ. ಮಸ್ಕಿಯಲ್ಲಿ ಅಶೋಕನ ಹೆಸರನ್ನೇ ಹೊತ್ತ ಪ್ರಸಿದ್ಧವಾದ ಶಿಲಾಶಾಸನವಿದೆ. 1915ರಲ್ಲಿ ಅದನ್ನು ಕಂಡವನು ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರು. ಸವೆದ ಶಾಸನವನ್ನು ಓದುವವರು ದೀಪವನ್ನು ಎದುರಿಗೆ ಹಿಡಿಯುವುದಿಲ್ಲ, ಬದಿಗೆ ಹಿಡಿಯುತ್ತಾರೆ. ಕಲ್ಲನ್ನು ಸವರಿಕೊಂಡು ಹೋಗುವ ಬೆಳಕಿನಲ್ಲಿ ಕಾಣದ ಅಕ್ಷರ ಏಳುತ್ತದೆ. ಇದರ ಗಣಿತ ಹತ್ತನೆಯ ತರಗತಿಯ ತ್ರಿಕೋನಮಿತಿಗೆ ಮೀರಿದ್ದಲ್ಲ. ಹೊಳಪಿಲ್ಲದ ಮೇಲ್ಮೈಯ ಮೇಲೆ ಬೀಳುವ ಬೆಳಕಿನ ಪ್ರಮಾಣ, ಕಿರಣಕ್ಕೂ ಮೇಲ್ಮೈಯ ಲಂಬಕ್ಕೂ ನಡುವಣ ಕೋನದ ಕೊಸೈನಿಗೆ ಅನುಗುಣವಾಗಿರುತ್ತದೆ. ಒಂದು ಸ್ನಾಯುವಿನ ಉಬ್ಬಿನ ಎರಡು ಇಳಿಜಾರುಗಳು ಆಚೆಗೂ ಈಚೆಗೂ ಹತ್ತು ಹತ್ತು ಡಿಗ್ರಿ ಓರೆಯಾಗಿವೆಯೆಂದು ಇಟ್ಟುಕೊಳ್ಳಿ. ಬೆಳಕು ನೇರ ಎದುರಿನಿಂದ ಬಂದರೆ ಎರಡಕ್ಕೂ 0.985, ಉಬ್ಬು ಕಾಣುವುದೇ ಇಲ್ಲ. ಬೆಳಕನ್ನು 75 ಡಿಗ್ರಿಯಷ್ಟು ಬದಿಗೆ ಸರಿಸಿದರೆ ಒಂದರ ಕೋನ 65, ಇನ್ನೊಂದರದು 85, ಕೊಸೈನುಗಳು 0.423 ಮತ್ತು 0.087. ಒಂದು ಇಳಿಜಾರು ಇನ್ನೊಂದಕ್ಕಿಂತ ಐದರಷ್ಟಕ್ಕೆ ಸಮೀಪ ಬೆಳಗುತ್ತದೆ! ಮೈ ಅದೇ, ಉಬ್ಬು ಅದೇ; ದೀಪ ಮಾತ್ರ ಸರಿದಿದೆ. ಅದರ ಮೇಲೆ ಎಣ್ಣೆ ಹಚ್ಚಿದರೆ ಚರ್ಮ ಕನ್ನಡಿಯ ಗುಣ ಪಡೆದು ಉಬ್ಬಿನ ನೆತ್ತಿಯ ಮೇಲೆ ಮಿಂಚು ಕೂರುತ್ತದೆ. ಚಿತ್ರೀಕರಣಕ್ಕೆ ಹತ್ತು ನಿಮಿಷ ಮೊದಲು ಭಾರ ಎತ್ತಿದರೆ ರಕ್ತ ನುಗ್ಗಿ ಸ್ನಾಯು ಕೆಲ ಹೊತ್ತು ಊದಿಕೊಂಡಿರುತ್ತದೆ. ಮಿಕ್ಕದ್ದನ್ನು ಗಣಕಯಂತ್ರ ತಿದ್ದುತ್ತದೆ. ಹುಡುಗನು ತನ್ನ ಮನೆಯ ಕನ್ನಡಿಯ ಮುಂದೆ, ನೆತ್ತಿಯ ಮೇಲಿನ ಬಲ್ಬಿನ ಕೆಳಗೆ ನಿಂತು, ಈ ಎಲ್ಲದರೊಡನೆ ತನ್ನನ್ನು ಹೋಲಿಸಿಕೊಳ್ಳುತ್ತಾನೆ.

ಇನ್ನು ಆ ಹುಡುಗನ ತಂದೆಯವರ ಮಾತು. ನಮ್ಮ ಕಡೆ ಭತ್ತದ ಚೀಲವೆಂದರೆ 75 ಕಿಲೋ. ಐವತ್ತರ ಅಂಚಿನಲ್ಲಿರುವ ಅವರು ಅಂಥ ಚೀಲಗಳನ್ನು ಬೆನ್ನಮೇಲೆ ಹೊತ್ತು ಹಲಗೆ ಹತ್ತಿ ಲಾರಿ ತುಂಬುವುದನ್ನು ನಾವು ನಿಂತು ನೋಡಿದ್ದೇವೆ. ಒಂದು ಚೀಲವನ್ನು ಒಂದೂವರೆ ಮೀಟರು ಏರಿಸಿದರೆ ಗುರುತ್ವದ ವಿರುದ್ಧ ಆಗುವ ಕೆಲಸ ಸುಮಾರು 1,100 ಜೂಲ್, ಎಂದರೆ ಕಾಲು ಕಿಲೋಕ್ಯಾಲರಿಗಿಂತ ತುಸು ಹೆಚ್ಚು. ನಮ್ಮ ಸ್ನಾಯುಗಳ ದಕ್ಷತೆ ನಾಲ್ಕರಲ್ಲಿ ಒಂದು ಪಾಲೂ ಇರದ ಕಾರಣ ಮೈಗೆ ಬೀಳುವ ಖರ್ಚು ಒಂದು ಕಿಲೋಕ್ಯಾಲರಿಯ ಮೇಲೆ. ತಮ್ಮ ಮೈಯನ್ನೇ ಹಲಗೆಯ ಮೇಲೆ ಏರಿಸುವ ಖರ್ಚು ಬೇರೆ. ಭೌತಶಾಸ್ತ್ರದ ಈ ಸಣ್ಣ ಅಂಕೆಯನ್ನು ನೋಡಿ ಹಮಾಲಿಯನ್ನು ಹಗುರವೆಂದು ತಿಳಿದವರು ಒಂದು ಚೀಲ ಎತ್ತಿ ನೋಡಬಹುದು. ಅವರ ನಡುವಿಗೆ ಟವಲು ಬಿಗಿದಿರುತ್ತದೆ. ಹೊಟ್ಟೆಯೊಳಗಿನ ಒತ್ತಡ ಏರಿ ಬೆನ್ನುಮೂಳೆಗೆ ಆಸರೆಯಾಗಲೆಂದು. ಆ ಹೊಟ್ಟೆ ದುಂಡಗೆ, ಗಟ್ಟಿಯಾಗಿದೆ. ಒಂದು ಗಂಟೂ ಕಾಣದು. ಮಗನ ಆಸೆಯನ್ನು ನಾವು ತಿಳಿಸಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೊಟ್ಟಿ ಕಂಡ್ರ ಏನ್ ಬರ್ತದ್ರಿ ಮಾಸ್ತರ್ರ, ಚೀಲ ಏಳಬೇಕಷ್ಟ” ಎಂದರು. ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವವರನ್ನು ಕೇಳಿದರೂ ಇದೇ ಉತ್ತರ ಬಂದೀತು. ಸ್ನಾಯುವಿನ ಬಲ ಅದರ ಅಡ್ಡಕೊಯ್ತದ ವಿಸ್ತೀರ್ಣಕ್ಕೆ ಸಂಬಂಧಿಸಿದ್ದು. ಮೇಲಿನ ಚರ್ಮ ಎಷ್ಟು ತೆಳು ಎಂಬುದು ಆ ಸೂತ್ರದಲ್ಲಿ ಬರುವುದೇ ಇಲ್ಲ.

ಕಾಣುವ ಬಲಕ್ಕೂ ಇರುವ ಬಲಕ್ಕೂ ನಡುವಣ ಅಂತರ ಎಷ್ಟು ದುಬಾರಿಯಾಗಬಲ್ಲದೆಂಬುದನ್ನು 2016ರ ನವೆಂಬರ್ 7ರಂದು ಕನ್ನಡಿಗರೆಲ್ಲ ಕಂಡರು. ‘ಮಾಸ್ತಿ ಗುಡಿ’ ಚಿತ್ರದ ಸಾಹಸದೃಶ್ಯಕ್ಕಾಗಿ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹೆಲಿಕಾಪ್ಟರಿನಿಂದ ಧುಮುಕಿದ ಅನಿಲ್ ಮತ್ತು ಉದಯ್ ಎಂಬ ಇಬ್ಬರು ತರುಣ ನಟರು ಮುಳುಗಿಹೋದರು. ಇಬ್ಬರೂ ಕಟ್ಟುಮಸ್ತಾದ ಮೈಯವರು. ತಮಗೆ ಚೆನ್ನಾಗಿ ಈಜು ಬಾರದೆಂದು ಮೊದಲೇ ಹೇಳಿಕೊಂಡಿದ್ದವರು. ರಕ್ಷಣೆಯ ಏರ್ಪಾಡಿಲ್ಲದುದೇ ಆ ಸಾವಿಗೆ ಕಾರಣವೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಅಂಥ ಮೈಗೆ ಏನೂ ಆಗದೆಂಬ ನಂಬಿಕೆಯೂ ಅಲ್ಲಿ ಕೆಲಸ ಮಾಡಿರಬಹುದು. ನೀರಿನ ಸಾಂದ್ರತೆ 1 ಆದರೆ ಕೊಬ್ಬಿನದು ಸುಮಾರು 0.90, ಸ್ನಾಯುವಿನದು 1.06. ಕೊಬ್ಬು ಕಳೆದು ಸ್ನಾಯು ಬೆಳೆಸಿದ ಮೈಯನ್ನು ನೀರು ಕಡಮೆ ಎತ್ತಿಹಿಡಿಯುತ್ತದೆ. ಆರ್ಕಿಮಿಡೀಸನ ನಿಯಮ ತಾರೆಯರಿಗೆ ಬೇರೆಯಿಲ್ಲ. ಈಜು ಕಲಿತವನು ಈ ವ್ಯತ್ಯಾಸವನ್ನು ಕೈಕಾಲುಗಳಿಂದ ತುಂಬಿಕೊಳ್ಳುತ್ತಾನೆ.

2021ರ ಅಕ್ಟೋಬರ್ 29ರಂದು ಪುನೀತ್ ರಾಜಕುಮಾರ್ 46ನೆಯ ವಯಸ್ಸಿನಲ್ಲಿ ಹೃದಯ ಸ್ತಂಭಿಸಿ ತೀರಿಕೊಂಡಾಗ ಜನ ಇನ್ನೊಂದು ತುದಿಗೆ ಓಡಿದರು. ಹೃದ್ರೋಗದ ಆಸ್ಪತ್ರೆಗಳ ಮುಂದೆ ಸಾಲು ನಿಂತಿತು. ವ್ಯಾಯಾಮವೇ ವಿಷವೆಂದು ಮನೆಮನೆಗಳಲ್ಲಿ ಮಾತಾಯಿತು. ನಮ್ಮ ಪಕ್ಕದ ಮನೆಯ ತಾಯಿಯೊಬ್ಬರು ಮಗನ ಓಟವನ್ನೂ ನಿಲ್ಲಿಸಿಬಿಟ್ಟರು. ಒಂದು ಸಾವಿನಿಂದ, ಅದು ಎಷ್ಟೇ ಪ್ರಿಯವಾದವರದಾಗಲಿ, ಕಾರ್ಯಕಾರಣದ ನಿಯಮವನ್ನು ಕಟ್ಟುವುದು ವಿಜ್ಞಾನದ ಹಾದಿಯಲ್ಲ. ನಿಯಮಿತವಾದ ವ್ಯಾಯಾಮ ಹೃದಯಕ್ಕೆ ಹಿತವೆಂಬುದು ಲಕ್ಷಾಂತರ ಜನರ ಅಧ್ಯಯನದಿಂದ ತಿಳಿದ ಮಾತು. ನಾವು ವಿರೋಧಿಸುವುದು ಸಾಮು ಮಾಡುವುದನ್ನಲ್ಲ. ಜಿಮ್ಮಿಗೆ ಹೋಗುವ ಹುಡುಗ ಗುಟ್ಕಾ ಜಗಿಯುತ್ತ ಪಾನಡಬ್ಬಿಯ ಮುಂದೆ ನಿಲ್ಲುವವನಿಗಿಂತ ಮೇಲೆಂದು ಪ್ರಾಂಶುಪಾಲರ ಮುಂದೆಯೇ ವಾದಿಸಿದ್ದೇವೆ. ವಿರೋಧವಿರುವುದು ಬೆಲೆಚೀಟಿ ಹಚ್ಚದೆ ಸರಕನ್ನು ತೋರಿಸುವುದಕ್ಕೆ. ಹಾರ್ಮೋನಿನ ಸೂಜಿ ಹೊರಗಿನಿಂದ ಬರತೊಡಗಿದರೆ ಮೈ ತನ್ನದೇ ಉತ್ಪಾದನೆಯನ್ನು ನಿಲ್ಲಿಸುತ್ತದೆ, ವೀರ್ಯಾಣುಗಳು ಕುಗ್ಗುತ್ತವೆ, ಹೃದಯದ ಗೋಡೆ ದಪ್ಪವಾಗುತ್ತದೆ. ಇದಾವುದೂ ಫಲಕದ ಮೇಲಿಲ್ಲ.

ಆಟಿಕೆಗಳೂ ಇದೇ ದಾರಿ ಹಿಡಿದಿವೆ. ಅಮೆರಿಕದ ಹ್ಯಾರಿಸನ್ ಪೋಪ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಜಿ. ಐ. ಜೋ ಎಂಬ ಸೈನಿಕ ಬೊಂಬೆಯನ್ನು ನಿಜವಾದ ಮನುಷ್ಯನ ಎತ್ತರಕ್ಕೆ ಹಿಗ್ಗಿಸಿ ಅಳೆದರು. 1964ರ ಬೊಂಬೆಯ ತೋಳಿನ ಸುತ್ತಳತೆ ಸುಮಾರು 12 ಅಂಗುಲ. 1990ರ ದಶಕದ ಕೊನೆಯ ಮಾದರಿಯೊಂದರದು ಅದರ ಎರಡರಷ್ಟಕ್ಕಿಂತಲೂ ಹೆಚ್ಚು. ಅಂಥ ತೋಳು ಸಾಮಾನ್ಯ ಮನುಷ್ಯನಿಗೆ ಇರದು.

ಏನು ಮಾಡಬಹುದು? ತೆರೆಯ ಮೇಲೆ ನಾಯಕ ಸಿಗರೇಟು ಹಚ್ಚಿದರೆ ಕೆಳಗೆ ಎಚ್ಚರಿಕೆಯ ಅಕ್ಷರ ಮೂಡಬೇಕೆಂಬ ನಿಯಮ 2012ರಿಂದ ನಮ್ಮಲ್ಲಿ ನಡೆದುಬಂದಿದೆ. ನಾರ್ವೆ ದೇಶದಲ್ಲಿ 2022ರ ಜುಲೈಯಿಂದ, ಮೈಯ ಆಕಾರವನ್ನು ತಿದ್ದಿದ ಜಾಹೀರಾತಿನ ಮೇಲೆ ತಿದ್ದಲಾಗಿದೆಯೆಂಬ ಗುರುತು ಇರಲೇಬೇಕು. ಚಿತ್ರಕ್ಕೂ ಇಂಥದೊಂದು ಸಾಲು ಏಕೆ ಬೇಡ? ಈ ಮೈಗೆ ಹಿಡಿದ ತಿಂಗಳುಗಳು ಇಷ್ಟು, ಚಿತ್ರೀಕರಣಕ್ಕೆ ಮೊದಲು ನೀರು ಬಿಟ್ಟ ಗಂಟೆಗಳು ಇಷ್ಟು, ಗಣಕಯಂತ್ರ ತಿದ್ದಿದ್ದು ಇಷ್ಟು ಎಂದು. ಕಲೆಗೆ ಇದರಿಂದ ಭಂಗ ಬರುವುದೆಂದು ಗೆಳೆಯರೊಬ್ಬರು ನಮ್ಮೊಡನೆ ಜಗಳವಾಡಿದರು. ಮಾಯಾಬಜಾರಿನ ಲಾಡುಗಳು ತಂತ್ರದಿಂದ ಹಾರಿದವೆಂದು ತಿಳಿದ ಮೇಲೂ ಜನ ಅದನ್ನು ನೋಡುತ್ತಲೇ ಇದ್ದಾರೆಂದು ಉತ್ತರಿಸಿದೆವು. ಅವರು ಒಪ್ಪಲಿಲ್ಲ.

ಕಾನೂನು ಬರುವ ತನಕ ನಮ್ಮ ಕೈಲಾದುದನ್ನು ಮಾಡಿದ್ದೇವೆ. ಬೆಳಕಿನ ಪ್ರಯೋಗಗಳ ಸಾಲಿನಲ್ಲಿ ಒಂದನ್ನು ಸೇರಿಸಿದೆವು. ಬಿಳಿಯ ರಟ್ಟನ್ನು ಹತ್ತು ಹತ್ತು ಡಿಗ್ರಿಯ ಇಳಿಜಾರುಗಳಾಗುವಂತೆ ಮಡಿಸಿ, ಕೊಳವೆ ತೊಡಿಸಿದ ದ್ಯುತಿಕೋಶವನ್ನು ಒಂದೊಂದು ಇಳಿಜಾರಿನ ಕಡೆಗೆ ತಿರುಗಿಸಿ, ಟಾರ್ಚನ್ನು ಎದುರಿನಿಂದ ಬದಿಯವರೆಗೆ ಸರಿಸುತ್ತ ಅಳೆಯಬೇಕು. ಮೊದಲು ಮಾಡಿದವನು ಆ ಹುಡುಗನೇ. 75 ಡಿಗ್ರಿಯಲ್ಲಿ ಲೆಕ್ಕದ ಪ್ರಕಾರ ಅನುಪಾತ 4.9ರ ಸಮೀಪ ಬರಬೇಕಿತ್ತು, ಅವನಿಗೆ 3.8 ಬಂದಿತು. ಸುಣ್ಣ ಬಳಿದ ಗೋಡೆಯಿಂದ ಚದುರಿದ ಬೆಳಕು ನೆರಳಿನ ಬದಿಯನ್ನೂ ಬೆಳಗುತ್ತಿದೆಯೆಂದು ಅವನೇ ಊಹಿಸಿ, ಗ್ರಂಥಾಲಯದ ಕಿಟಕಿಯ ಕಪ್ಪು ಪರದೆಯನ್ನು ಕೇಳಿ ತಂದು ಗೋಡೆಗೆ ಇಳಿಬಿಟ್ಟನು. ಆಮೇಲೆ 4.6 ಬಂದಿತು.